ವರ್ಷಪೂರ್ತಿ ಸ್ಕೂಲು: ಯಾವ ಕ್ಯಾಲೆಂಡರ್‌ಗೆ ಸ್ಟೇಟ್ ದುಡ್ಡು ಬರುತ್ತೆ, ಸರ್ವೇನಲ್ಲಿ ಯಾವುದಕ್ಕೆ ಟಿಕ್ ಹಾಕೋದು?

ಹೋದ ಒಂದು ತಿಂಗಳಲ್ಲಿ ಮೂರು ಜನ ನನ್ನ ಹತ್ರ ಹೆಚ್ಚುಕಮ್ಮಿ ಒಂದೇ ಪ್ರಶ್ನೆ ಕೇಳಿದ್ರು. ಅಮೆರಿಕದಲ್ಲೇ ಟೆಕ್ಸಸ್‌ನ ಡಲ್ಲಾಸ್ ಕಡೆ ಇರೋ ಭಾವಮೈದ, ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿರೋ ಕಾಲೇಜ್ ಫ್ರೆಂಡು, ವರ್ಜೀನಿಯಾದಲ್ಲಿರೋ ಅಕ್ಕ. ಮೂರೂ ಜನಕ್ಕೆ ಅವರವರ ಸ್ಕೂಲ್ ಡಿಸ್ಟ್ರಿಕ್ಟ್‌ನಿಂದ (ಆ ಪ್ರದೇಶದ ಸರ್ಕಾರಿ ಸ್ಕೂಲ್‌ಗಳನ್ನೆಲ್ಲಾ ನಡೆಸೋ ಸಂಸ್ಥೆ) ಸರ್ವೇ ಬಂದಿದೆ, ಈಗಿನ ಕ್ಯಾಲೆಂಡರೇ ಇರ್ಲಾ, ಇಯರ್‌ರೌಂಡ್ ಮಾಡೋಣ್ವಾ, ಮಾಡಿದ್ರೆ ಯಾವ ಥರದ್ದು ಅಂತ. ಜೊತೆಗೆ "ರಾಜ್ಯದ ಅನುದಾನ ಸಿಗುತ್ತೆ" ಅಂತ ಒಂದು ಸಾಲು, ಅದರ ಮುಂದೆ ವಿವರ ಏನೂ ಇಲ್ಲ. ನಾನಿರೋದು ನಾರ್ತ್ ಕ್ಯಾರೊಲೈನಾದ ವೇಕ್ ಕೌಂಟಿ, ಅಂದ್ರೆ ರಾಲೀ, ಕ್ಯಾರಿ, ಮಾರಿಸ್‌ವಿಲ್ ಇರೋ ಕಡೆ, ಇಲ್ಲಿ ಇಯರ್‌ರೌಂಡ್ ಅನ್ನೋದು ಸಾರು ಅನ್ನದಷ್ಟು ಮಾಮೂಲಿ, ನಮ್ಮಿಬ್ಬರು ಮಕ್ಕಳೂ ಅದರಲ್ಲೇ ಓದಿದ್ದು, ಫ್ರಿಜ್ ಮೇಲೆ ಟ್ರ್ಯಾಕ್ ಕ್ಯಾಲೆಂಡರ್ (ಮಕ್ಕಳ ಯಾವ ಗುಂಪಿಗೆ ಯಾವಾಗ ಸ್ಕೂಲು, ಯಾವಾಗ ರಜೆ ಅಂತ ತೋರಿಸೋದು) ಅಂಟಿಸ್ಕೊಂಡು ಐದು ವರ್ಷ ಸಂಸಾರ ಮಾಡಿದೀವಿ, ಹಾಗಾಗಿ ಎಲ್ಲರೂ ನನ್ನನ್ನೇ ಕೇಳ್ತಾರೆ. ಒಬ್ಬೊಬ್ಬರಿಗೂ ಅರ್ಧ ಗಂಟೆ ವಾಯ್ಸ್ ಮೆಸೇಜ್ ಕಳಿಸೋ ಬದಲು ಒಂದೇ ಸಲ ಬರೆದುಬಿಡೋಣ ಅಂತ ಕೂತೆ.

ಮೊದಲೇ ಒಂದು ವಿಷಯ ಹೇಳ್ಬಿಡ್ತೀನಿ, ಯಾಕಂದ್ರೆ ಇದೊಂದು ತಲೆಗೆ ಹೋದ್ರೆ ಅರ್ಧ ಗೊಂದಲ ಅಲ್ಲೇ ಹೋಗುತ್ತೆ. ಇರೋ ದಿನಾನ ಬೇರೆ ಥರ ಹಂಚೋದು ಒಂದು, ದಿನಾನೇ ಜಾಸ್ತಿ ಮಾಡೋದು ಇನ್ನೊಂದು. "ಇಯರ್‌ರೌಂಡ್" ಅನ್ನೋ ಪದ ಎರಡಕ್ಕೂ ಓಡಾಡ್ತಾ ಇದೆ. ಒಂದು ಸೇರು ಅಕ್ಕಿನ ಮೂರು ಸಲ ಬೇಯಿಸಿದ್ರೂ ಐದು ಸಲ ಬೇಯಿಸಿದ್ರೂ ಅದು ಒಂದೇ ಸೇರು. 180 ದಿನಾನ ಆಗಸ್ಟ್‌ನಿಂದ ಮೇವರೆಗೆ ಇಟ್ರೂ ಅಷ್ಟೇ, ಜುಲೈನಿಂದ ಜೂನ್‌ವರೆಗೆ ಚೆಲ್ಲಿದ್ರೂ ಅಷ್ಟೇ, ಸ್ಟೇಟ್‌ನವರು ಮಗು ಲೆಕ್ಕದಲ್ಲಿ ಕೊಡೋ ಮೂಲ ದುಡ್ಡು ಅದರಿಂದ ಒಂದು ಡಾಲರೂ ಹೆಚ್ಚಾಗಲ್ಲ. ಹೆಚ್ಚಾಗೋದು ದಿನ ಸೇರಿಸಿದಾಗ, ಅದೂ ನಿಮ್ಮ ಸ್ಟೇಟ್‌ನಲ್ಲಿ ಅದಕ್ಕೆ ಅಂತ ಕಾನೂನು ಇದ್ರೆ ಮಾತ್ರ. ಇಲ್ಲಾ, ಬಿಲ್ಡಿಂಗ್ ಕಟ್ಟೋ ಖರ್ಚು ಉಳಿಸಿದ್ದಕ್ಕೆ ಬಹುಮಾನದ ಥರ ಕೊಟ್ರೆ. ಆಗೊಮ್ಮೆ ಈಗೊಮ್ಮೆ ಬರೋ ಗ್ರಾಂಟ್ ಬಿಟ್ರೆ ಬೇರೆ ದಾರಿ ಇಲ್ಲ.

ಮೊದಲು ಅಳತೆಗೋಲು

ಯಾವ ಕ್ಯಾಲೆಂಡರ್ ಅಂತ ನೋಡೋಕೆ ಮುಂಚೆ ನಿಮ್ಮ ಡಿಸ್ಟ್ರಿಕ್ಟ್ ಬಗ್ಗೆ ನಾಲ್ಕು ವಿಷಯ ತಿಳ್ಕೊಳಿ.

ನಿಮ್ಮ ಸ್ಟೇಟ್ ಎಣಿಸೋದು ಏನನ್ನ? ಕ್ಯಾಲಿಫೋರ್ನಿಯಾ, ಟೆಕ್ಸಸ್ ಎರಡರಲ್ಲೂ ಹಾಜರಿ ಲೆಕ್ಕ. ವರ್ಷದ ಸರಾಸರಿ ದಿನವಹಿ ಹಾಜರಿ ಎಷ್ಟೋ ಅಷ್ಟಕ್ಕೇ ದುಡ್ಡು, ಮಗು ಮನೇಲಿ ಜ್ವರ ಅಂತ ಮಲಗಿದ್ರೂ ಲಾಸ್, ಊರಿಗೆ ಹೋದ್ರೂ ಲಾಸ್. ನಾರ್ತ್ ಕ್ಯಾರೊಲೈನಾ, ವರ್ಜೀನಿಯಾದಲ್ಲಿ ದಾಖಲಾತಿ ಲೆಕ್ಕ, ರಿಜಿಸ್ಟರ್‌ನಲ್ಲಿ ಹೆಸರಿದ್ರೆ ಸಾಕು. ಸಣ್ಣ ವ್ಯತ್ಯಾಸ ಅನ್ಸುತ್ತೆ ಆದ್ರೆ ಕ್ಯಾಲೆಂಡರ್ ವಿಷಯಕ್ಕೆ ಬಂದಾಗ ಇದೇ ದೊಡ್ಡದು, ಮುಂದೆ ಹೇಳ್ತೀನಿ.

ಬರೋ ದುಡ್ಡು ಪ್ರತಿ ವರ್ಷ ಬರೋದಾ, ಇಲ್ಲಾ ಎರಡು ಮೂರು ವರ್ಷದ ಗ್ರಾಂಟಾ? ಕೋವಿಡ್ ಆದ್ಮೇಲೆ ಫೆಡರಲ್ ಸರ್ಕಾರ ಕೊಟ್ಟ ದುಡ್ಡಲ್ಲಿ ಎಷ್ಟೋ ಡಿಸ್ಟ್ರಿಕ್ಟ್‌ಗಳು ಬೇಸಿಗೆ ಕ್ಲಾಸು, ಇಂಟರ್‌ಸೆಷನ್ ಕ್ಲಾಸು (ಮಧ್ಯದ ರಜೇಲಿ ನಡೆಸೋದು) ಅಂತ ಭರ್ಜರಿಯಾಗಿ ಶುರು ಮಾಡಿದ್ರು, 2024ರ ಸೆಪ್ಟೆಂಬರ್ 30ಕ್ಕೆ ಅದನ್ನ ಬಳಸೋ ಗಡುವು ಮುಗೀತು, ಆಮೇಲೆ ಕ್ಲಾಸ್ ಇರುತ್ತಾ ಅಂತ ಕೇಳಿದ್ರೆ ಉತ್ತರ ಕೊಡೋರು ಇರ್ಲಿಲ್ಲ.

ಬಿಲ್ಡಿಂಗ್ ಕಟ್ಟೋ ಖರ್ಚು ಯಾರದು? ನಾರ್ತ್ ಕ್ಯಾರೊಲೈನಾದಲ್ಲಿ ಟೀಚರ್ ಸಂಬಳದ ಬಹುಪಾಲು ಸ್ಟೇಟ್ ಕೊಡುತ್ತೆ, ಆದ್ರೆ ಸ್ಕೂಲ್ ಕಟ್ಟೋ ಹೊಣೆ ಮುಖ್ಯವಾಗಿ ಕೌಂಟಿದು, ಅಂದ್ರೆ ನಾವು ಕಟ್ಟೋ ಪ್ರಾಪರ್ಟಿ ಟ್ಯಾಕ್ಸ್, ಇಲ್ಲಾ ಜನರ ಓಟು ತಗೊಂಡು ಎತ್ತೋ ಸಾಲ, ಅಂದ್ರೆ ಬಾಂಡ್.

ಕೊನೇದು, ಖರ್ಚಲ್ಲಿ ಏನೇನು ಏರುತ್ತೆ. ಜುಲೈನಲ್ಲಿ ಏಸಿ ಓಡ್ಬೇಕು, ಬಸ್ ಓಡ್ಬೇಕು, ಅಡುಗೆಮನೆ ತೆಗೀಬೇಕು, ಆಫೀಸಲ್ಲಿ ಜನ ಕೂರ್ಬೇಕು. ಸ್ಟೇಟ್ ಫಾರ್ಮುಲಾ, ಅಂದ್ರೆ ಯಾವ ಡಿಸ್ಟ್ರಿಕ್ಟ್‌ಗೆ ಎಷ್ಟು ದುಡ್ಡು ಅಂತ ಲೆಕ್ಕ ಹಾಕೋ ಸೂತ್ರ, ಇದ್ಯಾವುದನ್ನೂ ಬೇರೆಯಾಗಿ ನೋಡಲ್ಲ, ಟೆಕ್ಸಸ್‌ನ ಜುಲೈ ಬಿಸಿಲಲ್ಲಿ ಇಡೀ ಬಿಲ್ಡಿಂಗ್ ತಣ್ಣಗಿಡೋದಕ್ಕೂ ಫೆಬ್ರವರಿಲಿ ಕಿಟಕಿ ತೆಗೆದು ಕೂರೋದಕ್ಕೂ ಫಾರ್ಮುಲಾದಲ್ಲಿ ಒಂದೇ ಬೆಲೆ.

ಹಳೇ ಕ್ಯಾಲೆಂಡರ್ ಇಟ್ಕೊಂಡು ಬೇಸಿಗೆ ಕ್ಲಾಸ್ ಸೇರಿಸೋದು

ಇದನ್ನ ಯಾರೂ ಆಯ್ಕೆ ಅಂತಾನೇ ಲೆಕ್ಕಕ್ಕೆ ತಗೊಳಲ್ಲ, ಆದ್ರೆ ದುಡ್ಡಿನ ದೃಷ್ಟಿಯಿಂದ ಎಷ್ಟೋ ಡಿಸ್ಟ್ರಿಕ್ಟ್‌ಗೆ ಇದೇ ವಾಸಿ. ಕ್ಯಾಲಿಫೋರ್ನಿಯಾ ಉದಾಹರಣೆ ತಗೊಳಿ. ಅಲ್ಲಿ 2021ರಲ್ಲಿ ಎಕ್ಸ್‌ಪ್ಯಾಂಡೆಡ್ ಲರ್ನಿಂಗ್ ಅಂತ ಒಂದು ಕಾರ್ಯಕ್ರಮ ಬಂತು, ಸ್ಕೂಲ್ ಇರೋ ದಿನ ತರಗತಿ ಸೇರಿ ಒಟ್ಟು 9 ಗಂಟೆ, ಅದರ ಮೇಲೆ ಸ್ಕೂಲ್ ಇಲ್ಲದ 30 ದಿನ ದಿನಕ್ಕೆ 9 ಗಂಟೆ, ಆರನೇ ಕ್ಲಾಸ್‌ವರೆಗಿನ ಮಕ್ಕಳಿಗೆ. ಇದು ಒಂದ್ಸಲ ಕೊಟ್ಟು ಕೈತೊಳ್ಕೊಳೋ ಗ್ರಾಂಟ್ ಅಲ್ಲ, ವರ್ಷ ವರ್ಷ ಬರೋ ದುಡ್ಡು. ಇಲ್ಲಿ ಗಮನಿಸಿ, ಆ 30 ದಿನ ಬೇಸಿಗೇಲೇ ಇರ್ಲಿ, ಮಧ್ಯದ ರಜೇಲೇ ಇರ್ಲಿ, ಡಿಸ್ಟ್ರಿಕ್ಟ್ ಇಷ್ಟ. ಅಂದ್ರೆ ಈ ದುಡ್ಡು ಬೇಕು ಅಂತ ಇಯರ್‌ರೌಂಡ್‌ಗೆ ಹೋಗೋ ಅಗತ್ಯಾನೇ ಇಲ್ಲ, ಹಳೇ ಕ್ಯಾಲೆಂಡರ್ ಮೇಲೇ ಕೂರಿಸ್ಬೋದು. ಎಷ್ಟು ಬರುತ್ತೆ ಅನ್ನೋದು ಡಿಸ್ಟ್ರಿಕ್ಟ್‌ನಲ್ಲಿ ಕಡಿಮೆ ಆದಾಯದ ಮನೆ ಮಕ್ಕಳು, ಇಂಗ್ಲಿಷ್ ಕಲಿಯೋ ಮಕ್ಕಳು, ಫಾಸ್ಟರ್ ಮಕ್ಕಳು (ಹೆತ್ತವರ ಬದಲು ಸರ್ಕಾರ ಗೊತ್ತು ಮಾಡಿದ ಮನೇಲಿ ಬೆಳೆಯೋರು) ಎಷ್ಟಿದಾರೆ ಅನ್ನೋದರ ಮೇಲೆ. ಅಂಥ ಮಕ್ಕಳು ಮುಕ್ಕಾಲು ಪಾಲಿಗಿಂತ ಹೆಚ್ಚಿರೋ ಡಿಸ್ಟ್ರಿಕ್ಟ್‌ಗೆ ತಲೆಗೆ 2,750 ಡಾಲರ್ ಇಟ್ಟಿದ್ರು, ಮಿಕ್ಕವಕ್ಕೆ ಕಮ್ಮಿ.

ಇಂಗ್ಲಿಷ್ ಕಲಿಯೋ ಮಕ್ಕಳು ಅಂದಾಗ ನಮ್ಮೋರ ಕಥೆ ಒಂದಿದೆ. ಸ್ಕೂಲ್ ಸೇರಿಸುವಾಗ ಮನೆಭಾಷೆ ಯಾವುದು ಅಂತ ಒಂದು ಫಾರ್ಮ್ ಬರುತ್ತಲ್ಲ, ಅದರಲ್ಲಿ ಕನ್ನಡ ಅಂತ ಬರೆದ್ರೆ ಮಗುಗೆ ಇಂಗ್ಲಿಷ್ ಪರೀಕ್ಷೆ ಕೊಡ್ತಾರೆ, ಅದರಲ್ಲಿ ಪೂರ್ತಿ ಪಾಸಾಗ್ಲಿಲ್ಲ ಅಂದ್ರೆ ಆ ಪಟ್ಟಿಗೆ ಸೇರುತ್ತೆ, ಸೇರಿದ್ರೆ ಕ್ಯಾಲಿಫೋರ್ನಿಯಾದಲ್ಲಿ 2013ರಲ್ಲಿ ಬಂದ ಫಾರ್ಮುಲಾ ಪ್ರಕಾರ ಆ ಮಗುವಿನ ಮೂಲ ಮೊತ್ತದ ಮೇಲೆ 20 ಶೇಕಡಾ ಸೇರಿ ಬರುತ್ತೆ. ಎಷ್ಟೋ ಅಪ್ಪ ಅಮ್ಮಂದಿರು ಮಗು ಹಿಂದೆ ಬೀಳುತ್ತೇನೋ ಅಂತ ಹೆದರಿ ಇಂಗ್ಲಿಷ್ ಅಂತ ಸುಳ್ಳು ಬರೀತಾರೆ. ಬರೀಬೇಡಿ ಅಂತ ನನ್ನ ಅಭಿಪ್ರಾಯ, ಆದ್ರೆ ಅದು ಬೇರೆ ಜಗಳ.

ಈ ಆಯ್ಕೆಯ ಮೈನಸ್ಸು ಏನಂದ್ರೆ ಬೇಸಿಗೆ ಕ್ಲಾಸಿಗೆ ಯಾರಿಗೆ ಬೇಕೋ ಅವರು ಬರಲ್ಲ. ಬರೋರೆಲ್ಲಾ ಆಗ್ಲೇ ಚೆನ್ನಾಗಿ ಓದೋರು, ಇಲ್ಲಾ ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗೋರು.

ಒಂದೇ ಟ್ರ್ಯಾಕ್‌ನ ಬ್ಯಾಲೆನ್ಸ್ಡ್ ಕ್ಯಾಲೆಂಡರ್

45 ದಿನ ಕ್ಲಾಸು, 15 ದಿನ ರಜೆ, ಹೀಗೆ ನಾಲ್ಕು ಸಲ. ಎಲ್ಲ ಮಕ್ಕಳಿಗೂ ಒಟ್ಟಿಗೇ ರಜೆ. ಊರಲ್ಲಿ ದಸರಾ ರಜೆ, ಬೇಸಿಗೆ ರಜೆ ಅಂತ ಬೆಳೆದ ನಮಗೆ ಇದೇನೂ ವಿಚಿತ್ರ ಅನ್ಸಲ್ಲ, ಇಲ್ಲಿಯವರಿಗೆ ಮಾತ್ರ ಎರಡೂವರೆ ತಿಂಗಳ ಬೇಸಿಗೆ ಹೋಗುತ್ತಲ್ಲ ಅಂತ ಹೊಟ್ಟೆಗೆ ಬೆಂಕಿ ಬಿದ್ದಂಗೆ ಆಗುತ್ತೆ.

ಸ್ಟೇಟ್ ದುಡ್ಡು? ಬರೀ ಹಂಚಿಕೆ ಆದ್ದರಿಂದ ಫಾರ್ಮುಲಾ ಪ್ರಕಾರ ಸೊನ್ನೆ. ಇದಕ್ಕೊಂದು ಒಳ್ಳೆ ಅಪವಾದ ವರ್ಜೀನಿಯಾ, ಅಕ್ಕ, ಇದು ನಿನಗೆ. ಅಲ್ಲಿ 2012ರಲ್ಲಿ ವಿಧಾನಮಂಡಲದ ಆಡಿಟ್ ಸಮಿತಿಯವರು ಇಯರ್‌ರೌಂಡ್ ಸ್ಕೂಲ್‌ಗಳ ಮೇಲೆ ವರದಿ ಮಾಡಿದ್ರು, ಎಲ್ಲರಿಗೂ ಲಾಭ ಅಂತ ಹೇಳ್ಲಿಲ್ಲ, ಆದ್ರೆ ಕೆಲವು ಗುಂಪಿನ ಮಕ್ಕಳ ಅಂಕ, ಮುಖ್ಯವಾಗಿ ಕಪ್ಪು ಜನಾಂಗದ ಮಕ್ಕಳದ್ದು, ಇಂಥ ಸ್ಕೂಲಲ್ಲಿ ಬೇಗ ಸುಧಾರಿಸಿದೆ ಅಂದ್ರು. ಅದಾದ್ಮೇಲೆ ಸ್ಟೇಟ್ ಬಜೆಟ್‌ನಲ್ಲಿ ಇದಕ್ಕೆ ಅಂತ ಗ್ರಾಂಟ್ ಇಟ್ರು, ಯೋಜನೆ ಮಾಡೋಕೆ 50,000 ಡಾಲರ್‌ವರೆಗೆ, ಶುರು ಮಾಡೋಕೆ ಸ್ಕೂಲ್‌ಗೆ ವರ್ಷಕ್ಕೆ 3 ಲಕ್ಷ ಡಾಲರ್‌ವರೆಗೆ, ಸಾಮಾನ್ಯವಾಗಿ ಡಿಸ್ಟ್ರಿಕ್ಟ್ ತನ್ನ ಕೈಯಿಂದ 20 ಶೇಕಡಾ ಹಾಕ್ಬೇಕು. ಹೋಪ್‌ವೆಲ್ ಅನ್ನೋ ಸಣ್ಣ ಊರು 2021ರಲ್ಲಿ ಇಡೀ ಡಿಸ್ಟ್ರಿಕ್ಟನ್ನೇ ಈ ಕ್ಯಾಲೆಂಡರ್‌ಗೆ ತಂತು, ರಜೆ ಮಧ್ಯೆ ಇಂಟರ್‌ಸೆಷನ್ ಅಂತ ಮಕ್ಕಳಿಗೆ ಬೇಕಾದ್ದು ಕಲಿಸೋ ವಾರ ಇಟ್ಟು. ಕೇಳೋಕೆ ಚೆನ್ನಾಗಿದೆ. ಆದ್ರೆ ಇದು ಗ್ರಾಂಟು. ಅರ್ಜಿ ಹಾಕ್ಬೇಕು, ಸಿಗ್ಬೇಕು, ಮುಗಿದ್ಮೇಲೆ ಇಂಟರ್‌ಸೆಷನ್ ಟೀಚರ್‌ಗಳ ಸಂಬಳ ಎಲ್ಲಿಂದ ಅಂತ ಮೊದಲ ದಿನಾನೇ ಕೇಳ್ಬೇಕು.

ಹಾಜರಿ ಲೆಕ್ಕದ ಸ್ಟೇಟ್‌ಗಳಲ್ಲಿ ಮಾತ್ರ ಈ ಕ್ಯಾಲೆಂಡರ್‌ಗೆ ಒಂದು ಹಿಂಬಾಗಿಲ ಲಾಭ ಇರ್ಬೋದು ಅನ್ಸುತ್ತೆ ನನಗೆ. ನಮ್ಮವರನ್ನೇ ನೋಡಿ, ಡಿಸೆಂಬರ್‌ನಲ್ಲಿ ಎರಡು ವಾರ ರಜೆ, ಅದಕ್ಕೆ ಇನ್ನೆರಡು ವಾರ ಸೇರಿಸಿ ಬೆಂಗಳೂರು, ಅಲ್ಲಿಂದ ಧರ್ಮಸ್ಥಳ, ಉಡುಪಿ, ಒಂದು ಮದುವೆ, ಒಂದು ಮುಂಜಿ. ಆ ಎರಡು ವಾರ ಸ್ಕೂಲ್‌ಗೆ ಸೀದಾ ಲಾಸು. ಕ್ಯಾಲಿಫೋರ್ನಿಯಾದಲ್ಲಿ ಹೋಗೋಕೆ ಮುಂಚೆ ಇಂಡಿಪೆಂಡೆಂಟ್ ಸ್ಟಡಿ ಒಪ್ಪಂದಕ್ಕೆ ಸಹಿ ಹಾಕಿ, ಮಗು ಕೊಟ್ಟ ಕೆಲಸ ಮುಗಿಸಿ ತಂದ್ರೆ ಆ ಹಾಜರಿ ಉಳಿಯುತ್ತೆ, ಅದಕ್ಕೇ ಆಫೀಸಿನವರು ಟಿಕೆಟ್ ಬುಕ್ ಮಾಡಿದ್ರಾ, ಮೊದಲು ಹೇಳಿ ಅಂತ ಹಿಂದೆ ಬೀಳೋದು. ಮಧ್ಯೆ ಮಧ್ಯೆ ಮೂರು ವಾರ ರಜೆ ಇದ್ರೆ ಊರಿನ ಟ್ರಿಪ್ ಅದರೊಳಗೇ ಮುಗಿಯುತ್ತೆ, ಟಿಕೆಟ್ ಕೂಡ ಡಿಸೆಂಬರ್ ರೇಟ್ ಇರಲ್ಲ. ನಾವು ಅಕ್ಟೋಬರ್‌ನಲ್ಲಿ ಹೋಗಿ ಮೈಸೂರು ದಸರಾ ನೋಡ್ಕೊಂಡು ಬಂದಿದ್ದು ಈ ರಜೆ ದಯೆಯಿಂದಾನೇ. ಆದ್ರೆ ಹಾಜರಿ ಲಾಭ ಎಲ್ಲಾ ಕಡೆ ಇಲ್ಲ. ಪಾಲೋ ಆಲ್ಟೋ ಥರದ ಡಿಸ್ಟ್ರಿಕ್ಟ್‌ಗಳಲ್ಲಿ ಪ್ರಾಪರ್ಟಿ ಟ್ಯಾಕ್ಸೇ ಫಾರ್ಮುಲಾ ಮೊತ್ತ ಮೀರಿರುತ್ತೆ, ಬೇಸಿಕ್ ಏಡ್ ಅಂತಾರೆ ಅವನ್ನ, ಅಲ್ಲಿ ಹಾಜರಿ ಏರಿದ್ರೂ ಇಳಿದ್ರೂ ಬರೋ ದುಡ್ಡು ಹೆಚ್ಚುಕಮ್ಮಿ ಅಷ್ಟೇ. ಫ್ರೆಂಡೇ, ನಿಂದು ಯಾವ ಥರದ್ದು ಅಂತ ಮೊದಲು ನೋಡ್ಕೋ.

ಇನ್ನು ಓದು ಸುಧಾರಿಸುತ್ತೆ ಅಂತ ಯಾರಾದ್ರೂ ಸ್ಲೈಡ್ ಹಾಕಿದ್ರೆ ಸ್ವಲ್ಪ ಅನುಮಾನದಿಂದ ನೋಡಿ. ನಮ್ಮ ವೇಕ್ ಕೌಂಟಿ 2007ರಲ್ಲಿ 22 ಸ್ಕೂಲನ್ನ ಒಂದೇ ಏಟಿಗೆ ಇಯರ್‌ರೌಂಡ್ ಮಾಡ್ತು, ಮ್ಯಾಕ್‌ಮಲನ್ ಮತ್ತೆ ರೌಸ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು ಅದನ್ನೇ ಹಿಡಿದು ಲೆಕ್ಕ ಹಾಕಿ 2012ರಲ್ಲಿ ಪ್ರಕಟಿಸಿದ್ರು, ಸರಾಸರಿ ಮಗುವಿನ ಕಲಿಕೆ ಮೇಲೆ ಪರಿಣಾಮ ಹೆಚ್ಚುಕಮ್ಮಿ ಇಲ್ಲ. ಪಾಲ್ ವಾನ್ ಹಿಪ್ಪೆಲ್ ಅನ್ನೋರು ಹೇಳೋದೂ ಅದೇ, ಈ ಮಕ್ಕಳು ಬೇಸಿಗೇಲಿ ಜಾಸ್ತಿ ಕಲೀತಾರೆ, ಉಳಿದ ತಿಂಗಳಲ್ಲಿ ಅಷ್ಟೇ ಕಮ್ಮಿ ಕಲೀತಾರೆ, ವರ್ಷದ ಕೊನೆಗೆ ಲೆಕ್ಕ ಸಮ. ಮತ್ತದೇ ಸೇರು ಅಕ್ಕಿ.

ಮಲ್ಟಿ ಟ್ರ್ಯಾಕ್: ಮದುವೆ ಮನೆ ಪಂಕ್ತಿ

ಇದೇ ನಾನು ಚೆನ್ನಾಗಿ ಬಲ್ಲದ್ದು. ಊಟದ ಹಾಲ್‌ನಲ್ಲಿ 300 ಜನ ಕೂರ್ಬೋದು, ಬಂದಿರೋದು 400. ಏನ್ಮಾಡ್ತೀವಿ? ಪಂಕ್ತಿ. ಮಲ್ಟಿ ಟ್ರ್ಯಾಕ್ ಅಂದ್ರೆ ಅದೇ, ಮಕ್ಕಳನ್ನ ನಾಲ್ಕು ಟ್ರ್ಯಾಕ್ ಮಾಡಿ, ಯಾವಾಗ್ಲೂ ಮೂರು ಟ್ರ್ಯಾಕ್ ಒಳಗೆ, ಒಂದು ಹೊರಗೆ. ನಮ್ಮ ಮಕ್ಕಳ ಬಾಯಲ್ಲಿ "ಟ್ರ್ಯಾಕ್ ಔಟ್" ಅನ್ನೋದು ಕ್ರಿಯಾಪದಾನೇ ಆಗಿಹೋಗಿದೆ, "ಅಮ್ಮಾ ನಾನು ಯಾವಾಗ ಟ್ರ್ಯಾಕ್‌ಔಟ್ ಆಗ್ತೀನಿ" ಅಂತ. 800 ಸೀಟಿನ ಬಿಲ್ಡಿಂಗಲ್ಲಿ ಲೆಕ್ಕದ ಪ್ರಕಾರ 1,066 ಮಕ್ಕಳನ್ನ ಹಿಡಿಸ್ಬೋದು. ನಿಜ ಜೀವನದಲ್ಲಿ ಅಷ್ಟು ಆಗಲ್ಲ, ಟ್ರ್ಯಾಕ್‌ಗಳು ಸಮ ಇರಲ್ಲ, ಲೈಬ್ರರಿ, ಕೆಫೆಟೀರಿಯಾ ಹಿಗ್ಗಲ್ಲ, ಬೇಸಿಗೆಗೆ ಹತ್ತಿರ ರಜೆ ಬರೋ ಟ್ರ್ಯಾಕ್‌ಗೆ ಎಲ್ಲರೂ ಮುಗಿಬೀಳ್ತಾರೆ.

ಉಳಿತಾಯ ಎಲ್ಲಿ ಅಂದ್ರೆ ಬಿಲ್ಡಿಂಗ್‌ನಲ್ಲಿ. ಸ್ಟೇಟ್ ನಮಗೆ ಮಗುವಿನ ಲೆಕ್ಕದಲ್ಲಿ ಒಂದು ಡಾಲರೂ ಹೆಚ್ಚು ಕೊಡಲ್ಲ, ಕೌಂಟಿಗೆ ಹೊಸ ಸ್ಕೂಲ್ ಕಟ್ಟೋದು ತಪ್ಪುತ್ತೆ, ಅಥವಾ ಮುಂದಕ್ಕೆ ಹೋಗುತ್ತೆ. ಸ್ಟೇಟ್ ಕೊಡೋ ಸೌಲಭ್ಯ ಅಂದ್ರೆ ದುಡ್ಡಲ್ಲ, ವಿನಾಯಿತಿ. ನಾರ್ತ್ ಕ್ಯಾರೊಲೈನಾದಲ್ಲಿ 2004ರಲ್ಲಿ ಬಂದು ಆಮೇಲೆ ತಿದ್ದಿದ ಕಾನೂನಿನ ಪ್ರಕಾರ ಸ್ಕೂಲು ಆಗಸ್ಟ್ 26ರ ಹತ್ತಿರದ ಸೋಮವಾರಕ್ಕಿಂತ ಮುಂಚೆ ಶುರು ಮಾಡೋ ಹಾಗಿಲ್ಲ, ಬೀಚ್ ಹೋಟೆಲ್‌ನವರ ಒತ್ತಾಯ ಅಂತ ಎಲ್ಲರೂ ಹೇಳ್ತಾರೆ, ಇಯರ್‌ರೌಂಡ್ ಸ್ಕೂಲ್‌ಗೆ ಮಾತ್ರ ಆ ಕಟ್ಟು ಇಲ್ಲ. ಜನಕ್ಕೆ ಇಷ್ಟ ಇತ್ತಾ ಅಂದ್ರೆ, ಇಲ್ಲಿ ಕೇಸೇ ಆಯ್ತು. ಅಪ್ಪ ಅಮ್ಮಂದಿರ ಒಪ್ಪಿಗೆ ಇಲ್ಲದೆ ಮಗುನ ಇಯರ್‌ರೌಂಡ್‌ಗೆ ಹಾಕ್ಬೋದಾ ಅಂತ, 2009ರಲ್ಲಿ ಸ್ಟೇಟ್ ಸುಪ್ರೀಂ ಕೋರ್ಟು ಹಾಕ್ಬೋದು ಅಂತು.

ಬಿಲ್ಡಿಂಗ್ ಉಳಿಸಿದ್ದಕ್ಕೆ ಸ್ಟೇಟೇ ದುಡ್ಡು ಕೊಟ್ಟ ದೊಡ್ಡ ಉದಾಹರಣೆ ಕ್ಯಾಲಿಫೋರ್ನಿಯಾ. ಎಂಬತ್ತು ತೊಂಬತ್ತರ ದಶಕದಲ್ಲಿ ಅಲ್ಲಿ ಮಕ್ಕಳು ಉಕ್ಕಿ ಬಂದ್ರು, 1996ರಲ್ಲಿ ಚಿಕ್ಕ ಕ್ಲಾಸಿಗೆ 20 ಮಕ್ಕಳು ಅಂತ ಮಾಡಿದ್ಮೇಲೆ ರೂಮೇ ಸಾಲದೆ ಹೋಯ್ತು. ಬಿಲ್ಡಿಂಗ್ ಹಿಡಿಸೋದಕ್ಕಿಂತ ಜಾಸ್ತಿ ಮಕ್ಕಳನ್ನ ಮಲ್ಟಿ ಟ್ರ್ಯಾಕ್‌ನಲ್ಲಿ ಕೂರಿಸಿದ ಡಿಸ್ಟ್ರಿಕ್ಟ್‌ಗೆ, ಕಟ್ಟದೆ ಉಳಿಸಿದ ಖರ್ಚಿನ ಒಂದು ಪಾಲನ್ನ ಆಪರೇಷನಲ್ ಗ್ರಾಂಟ್ ಅಂತ ಕೊಡ್ತಿದ್ರು. 2000ದ ಸುಮಾರಿಗೆ ಹತ್ತು ಲಕ್ಷಕ್ಕೂ ಹೆಚ್ಚು ಮಕ್ಕಳು ಅಲ್ಲಿ ಇಯರ್‌ರೌಂಡ್‌ನಲ್ಲಿದ್ರು. ಆದ್ರೆ ಲಾಸ್ ಏಂಜಲಿಸ್ ಕಡೆ ಕಾನ್ಸೆಪ್ಟ್ 6 ಅಂತ ಒಂದು ನಡೀತು, ಮೂರು ಟ್ರ್ಯಾಕು, ಎರಡು ಒಳಗೆ, ಒಂದು ಹೊರಗೆ, ಜಾಗ ಒಂದೂವರೆ ಪಟ್ಟು, ಆದ್ರೆ ಮಕ್ಕಳಿಗೆ ಸಿಕ್ಕಿದ್ದು 163 ದಿನ ಮಾತ್ರ. ಬೇರೆಯವರಿಗೆ 180. ದಿನದ ಅವಧಿ ಉದ್ದ ಮಾಡಿ ನಿಮಿಷ ಸರಿದೂಗಿಸಿದ್ರು ಸರಿ, ಆದ್ರೆ 17 ದಿನದ ಹೋಮ್‌ವರ್ಕು, 17 ರಾತ್ರಿ ಓದು ಎಲ್ಲಿಂದ ಬರುತ್ತೆ? ಬಡವರ ಏರಿಯಾದ ಮಕ್ಕಳೇ ಅದರಲ್ಲಿ ಜಾಸ್ತಿ ಇದ್ದದ್ದು. 2000ದಲ್ಲಿ ಹಾಕಿದ ವಿಲಿಯಮ್ಸ್ ಕೇಸಲ್ಲಿ ಇದೂ ಒಂದು ದೂರು, 2004ರಲ್ಲಿ ರಾಜಿ ಆಗಿ, ಕಾನ್ಸೆಪ್ಟ್ 6ನ್ನ 2012ರೊಳಗೆ ಮುಗಿಸ್ಬೇಕು ಅಂತ ಕಾನೂನೇ ಬಂತು, ಆ ಗ್ರಾಂಟೂ ಆಮೇಲೆ ನಿಂತೋಯ್ತು. ಲಾಸ್ ಏಂಜಲಿಸ್ ಡಿಸ್ಟ್ರಿಕ್ಟ್ 131 ಹೊಸ ಸ್ಕೂಲ್ ಕಟ್ಟಬೇಕಾಯ್ತು. ಅಂದ್ರೆ ಉಳಿಸಿದ ಖರ್ಚು ಉಳೀಲಿಲ್ಲ, ತಡವಾಗಿ ಬಂತು ಅಷ್ಟೇ. ಜೆನ್ನಿಫರ್ ಗ್ರೇವ್ಸ್ ಅನ್ನೋರು ಕ್ಯಾಲಿಫೋರ್ನಿಯಾ ಅಂಕಿ ಅಂಶ ಇಟ್ಕೊಂಡು ಮಾಡಿದ ಅಧ್ಯಯನದಲ್ಲಿ ಮಲ್ಟಿ ಟ್ರ್ಯಾಕ್‌ನಿಂದ ಅಂಕ ಇಳಿದಿದ್ದೂ ಕಂಡಿದೆ.

ಇನ್ನೊಂದು ಅಪಾಯ, ಟ್ರ್ಯಾಕ್ ಜಾಸ್ತಿ ಆದಷ್ಟೂ ಹಾಜರಿ ಲೆಕ್ಕ ತಿರುಚೋಕೆ ಸುಲಭ. ಕ್ಯಾಲಿಫೋರ್ನಿಯಾದಲ್ಲಿ ಮುಖ್ಯ ಹಾಜರಿ ಲೆಕ್ಕ ಏಪ್ರಿಲ್ 15ರ ಒಳಗೆ ಮುಗಿದ ಸ್ಕೂಲ್ ತಿಂಗಳುಗಳದ್ದು, ಅದಕ್ಕೆ ಚಾರ್ಟರ್ ಸ್ಕೂಲ್‌ಗಳಿಗೆ (ಸರ್ಕಾರಿ ದುಡ್ಡಲ್ಲಿ, ಆದ್ರೆ ಸ್ವತಂತ್ರವಾಗಿ ನಡೆಯೋವು) ಒಂದು ನಿಯಮ ಇದೆ, ಐದು ಟ್ರ್ಯಾಕ್‌ಗಿಂತ ಹೆಚ್ಚಿರ್ಬಾರ್ದು, ಪ್ರತಿ ಟ್ರ್ಯಾಕ್‌ನಲ್ಲೂ ಕನಿಷ್ಠ 175 ದಿನ, ಅದರಲ್ಲಿ 55 ಶೇಕಡಾ ಏಪ್ರಿಲ್ 15ಕ್ಕೆ ಮುಂಚೆ ಇರ್ಬೇಕು. ಇಷ್ಟಿದ್ರೂ 2019ರಲ್ಲಿ ಸ್ಯಾನ್ ಡಿಯಾಗೋ ಕೌಂಟಿಯಲ್ಲಿ 11 ಜನರ ಮೇಲೆ ಕೇಸ್ ಬಿತ್ತು, ಆನ್‌ಲೈನ್ ಚಾರ್ಟರ್‌ಗಳ ಜಾಲ, ಬೇಸಿಗೆ ಕ್ರೀಡಾ ತಂಡದ ಮಕ್ಕಳ ಹೆಸರನ್ನೆಲ್ಲಾ ರಿಜಿಸ್ಟರ್‌ಗೆ ಸೇರಿಸಿ ಸ್ಟೇಟ್‌ನಿಂದ ದುಡ್ಡು ಎತ್ತಿದ್ದು, ಮುಖ್ಯಸ್ಥರು ಆಮೇಲೆ ತಪ್ಪೊಪ್ಪಿಕೊಂಡ್ರು. ಅಂಥ ಪ್ರಕರಣ ಆದ್ಮೇಲೆ ಸರಿಯಾಗಿ ನಡೆಸೋರೂ ಜಾಸ್ತಿ ಕಾಗದ ತೋರಿಸ್ಬೇಕಾಗುತ್ತೆ.

ಮನೆಮಟ್ಟದ ಲೆಕ್ಕ ಬೇರೆ. ಟ್ರ್ಯಾಕ್ ಔಟ್ ಆದಾಗಲೆಲ್ಲಾ ಕ್ಯಾಂಪು, ವಾರಕ್ಕೆ ಕೆಲವು ನೂರು ಡಾಲರ್, ಇಬ್ಬರು ಮಕ್ಕಳಾದ್ರೆ ಡಬಲ್ಲು, ಅಜ್ಜಿ ತಾತ ಆರು ತಿಂಗಳು ಬಂದಿದ್ರೆ ಬಚಾವು. ಇಲ್ಲಿ ಹೈಸ್ಕೂಲುಗಳು ಬಹುತೇಕ ಹಳೇ ಕ್ಯಾಲೆಂಡರ್‌ನಲ್ಲೇ ಇವೆ, ಹಾಗಾಗಿ ದೊಡ್ಡವಳಿಗೆ ಬೇಸಿಗೆ ರಜೆ, ಚಿಕ್ಕವನಿಗೆ ಜುಲೈನಲ್ಲಿ ಸ್ಕೂಲು, ಒಟ್ಟಿಗೆ ಇಡೀ ಮನೆ ಊರಿಗೆ ಹೋಗೋದು ಅಂದ್ರೆ ಗ್ರಹಗತಿ ಕೂಡಿಬರಬೇಕು. ಟೀಚರ್‌ಗಳ ಪಾಡು ಇನ್ನೂ ಕಷ್ಟ, ತಮ್ಮ ಟ್ರ್ಯಾಕ್ ಹೊರಗೆ ಹೋಗುವಾಗ ರೂಮು ಖಾಲಿ ಮಾಡಿ ಎಲ್ಲಾ ಸಾಮಾನು ಗಾಲಿ ಕಪಾಟಿಗೆ ತುಂಬಿ, ಬಂದಾಗ ಇನ್ನೊಂದು ರೂಮಲ್ಲಿ ಬಿಚ್ಚೋದು. ಬಿಲ್ಡಿಂಗ್‌ಗೂ ರಜೆ ಇಲ್ಲ, ಪೇಂಟ್ ಹೊಡೆಯೋಕೆ, ಏಸಿ ರಿಪೇರಿಗೆ ರಾತ್ರಿ ಬರ್ಬೇಕು.

ದಿನಾನೇ ಜಾಸ್ತಿ ಮಾಡೋದು

ಭಾವಮೈದ, ಇಲ್ಲಿಂದ ನಿಂದು. ಸ್ಟೇಟ್ ನಿಜವಾಗಿ ಫಾರ್ಮುಲಾದೊಳಗೇ ದುಡ್ಡು ಕೊಡೋದು ಇದಕ್ಕೆ. ಟೆಕ್ಸಸ್‌ನಲ್ಲಿ 2019ರ ಹೌಸ್ ಬಿಲ್ 3 ಪ್ರಕಾರ, ಒಂದು ಎಲಿಮೆಂಟರಿ ಸ್ಕೂಲು ಮೊದಲು 180 ದಿನ ಪೂರ್ತಿ ಕಲಿಸಿ, ಅದರ ಮೇಲೆ ಇನ್ನೂ 30 ದಿನದವರೆಗೆ ಸೇರಿಸಿದ್ರೆ, ಆ ದಿನಗಳಿಗೆ ಅರ್ಧ ದಿನದ ಲೆಕ್ಕದಲ್ಲಿ ದುಡ್ಡು ಅಂತ ಇಟ್ರು. ಕಲಿಸೋರು ಸರ್ಟಿಫೈಡ್ ಟೀಚರ್ ಆಗಿರ್ಬೇಕು. ಅರ್ಧ ದಿನ ಅಂದ್ರೆ ಕನಿಷ್ಠ ಎರಡು ಗಂಟೆ ಪಾಠ. ಇದನ್ನ ಮೂರು ಥರ ಬಳಸ್ಬೋದು ಅಂತ ಅಲ್ಲಿನ ಶಿಕ್ಷಣ ಇಲಾಖೆ ಹೇಳುತ್ತೆ: ಬೇಸಿಗೇಲಿ ಇಷ್ಟ ಇದ್ದೋರಿಗೆ ಕ್ಲಾಸು, ಅಥವಾ ವರ್ಷವನ್ನ ಚೆಲ್ಲಿ ಮಧ್ಯೆ ಇಂಟರ್‌ಸೆಷನ್, ಅಥವಾ ಇಡೀ ವರ್ಷ, ಇಡೀ ದಿನದ ಟೈಮ್‌ಟೇಬಲ್ಲನ್ನೇ ಹೊಸದಾಗಿ ಮಾಡೋದು. ಡಲ್ಲಾಸ್ ಡಿಸ್ಟ್ರಿಕ್ಟ್ 2021-22ರಲ್ಲಿ ನಲವತ್ತು ಚಿಲ್ಲರೆ ಸ್ಕೂಲ್‌ಗಳನ್ನ ಎರಡನೇ ಥರಕ್ಕೆ ಹಾಕ್ತು, ಮೂರನೇದಕ್ಕೆ ಬೆರಳೆಣಿಕೆ ಮಾತ್ರ.

ಎಷ್ಟು ಬರುತ್ತೆ ಅಂತ ನನ್ನ ಒರಟು ಲೆಕ್ಕ ಹೇಳ್ತೀನಿ. 2019ರಲ್ಲಿ ಮೂಲ ಮೊತ್ತ ಮಗುಗೆ 6,160 ಡಾಲರ್ ಇಟ್ರು. ಅದನ್ನ 180ಕ್ಕೆ ಭಾಗಿಸಿದ್ರೆ ದಿನಕ್ಕೆ 34 ಚಿಲ್ಲರೆ, ಅರ್ಧ ಅಂದ್ರೆ 17. ಬೇರೆ ಹೆಚ್ಚುವರಿಗಳನ್ನ ಬಿಟ್ಟು, 30 ದಿನಕ್ಕೆ ಒಂದು ಮಗುಗೆ 510 ಡಾಲರ್ ಆಸುಪಾಸು. 100 ಮಕ್ಕಳು ಬಂದ್ರೆ ದಿನಕ್ಕೆ 1,700. ಅದರಲ್ಲಿ ನಾಲ್ಕೈದು ಟೀಚರ್, ಬಸ್ಸು, ಊಟ, ಏಸಿ. ಬಸ್ ಡ್ರೈವರ್‌ಗೆ ಅರ್ಧ ದಿನ ಅಂತ ಅರ್ಧ ಡೀಸೆಲ್ ಹಾಕೋಕಾಗಲ್ಲ. ಹಾಗಾಗಿ ಮಕ್ಕಳು ತುಂಬಿ ಬಂದ್ರೆ ಗಿಟ್ಟುತ್ತೆ, 40 ಜನ ಬಂದ್ರೆ ಡಿಸ್ಟ್ರಿಕ್ಟ್ ಕೈಯಿಂದ ಹಾಕ್ಬೇಕು. ಹಾಜರಿ ಲೆಕ್ಕದ ಸ್ಟೇಟ್ ಬೇರೆ, ಹೆಸರು ಕೊಟ್ಟು ಬರದೇ ಇರೋ ಮಗುಗೆ ಏನೂ ಇಲ್ಲ. ಸ್ಟೇಟ್ ಸಭೆ ಎರಡು ವರ್ಷಕ್ಕೊಮ್ಮೆ ಕೂತಾಗ ಫಾರ್ಮುಲಾಗೆ ಕೈ ಹಾಕ್ತಾನೇ ಇರುತ್ತೆ, ಆದ್ದರಿಂದ ಬೋರ್ಡ್ ಮೀಟಿಂಗಲ್ಲಿ ಈ ವರ್ಷದ ದರ ಇಟ್ಟು ಲೆಕ್ಕ ಹಾಕಿದಾರಾ ಅಂತ ಕೇಳು.

ನ್ಯೂ ಮೆಕ್ಸಿಕೋ ಕಥೆ ಇನ್ನೂ ಪಾಠ ಕಲಿಸುತ್ತೆ. 2018ರಲ್ಲಿ ಯಾಜಿ-ಮಾರ್ಟಿನೆಜ್ ಕೇಸಲ್ಲಿ ಕೋರ್ಟು ನೀವು ಮಕ್ಕಳಿಗೆ ಸಾಕಷ್ಟು ಶಿಕ್ಷಣ ಕೊಡ್ತಿಲ್ಲ ಅಂತು, 2019ರಲ್ಲಿ ಸ್ಟೇಟು ಐದನೇ ಕ್ಲಾಸ್‌ವರೆಗೆ 25 ದಿನ ಹೆಚ್ಚು ಕಲಿಸೋರಿಗೆ ಒಂದು, 10 ದಿನ ಹೆಚ್ಚು ಕಲಿಸೋರಿಗೆ ಇನ್ನೊಂದು ಅಂತ ದೊಡ್ಡ ಮೊತ್ತ ತೆಗೆದಿಟ್ಟಿತು. ಬಹಳಷ್ಟು ದುಡ್ಡು ಯಾರೂ ತಗೊಳ್ದೆ ಉಳೀತು. 25 ದಿನ ಅಂದ್ರೆ ಟೀಚರ್‌ಗಳು ಸುಸ್ತು, ಊರವರಿಗೆ ಬೇಸಿಗೆ ಬೇಕು, ಜೊತೆಗಿದ್ದ ಷರತ್ತುಗಳೂ ಬಿಗಿ. 2023ರಲ್ಲಿ ದಾರಿ ಬದಲಿಸಿ ಎಲ್ಲರಿಗೂ ವರ್ಷಕ್ಕೆ 1,140 ಗಂಟೆ ಅಂತ ಕಡ್ಡಾಯ ಮಾಡಿ, ಅದರ ಮೇಲೆ ದಿನ ಸೇರಿಸೋರಿಗೆ ಮಾತ್ರ ದಿನದ ಲೆಕ್ಕದಲ್ಲಿ ಹೆಚ್ಚುವರಿ ಅಂತ ಇಟ್ರು. ದುಡ್ಡಿಟ್ರೆ ಸಾಕು ಡಿಸ್ಟ್ರಿಕ್ಟ್‌ಗಳು ಓಡಿ ಬರ್ತವೆ ಅಂದ್ಕೊಂಡಿದ್ದೋರಿಗೆ ಅದು ಒಳ್ಳೆ ಏಟು.

ಹಾಗಾದ್ರೆ ಯಾರು ಏನು ಆರಿಸ್ಕೊಬೇಕು

ನಿಮ್ಮ ಡಿಸ್ಟ್ರಿಕ್ಟಲ್ಲಿ ಹೊಸ ಮನೆ ಏಳ್ತಾ ಇವೆ, ಸ್ಕೂಲ್ ಹಿಂದೆ ತಾತ್ಕಾಲಿಕ ಕ್ಲಾಸ್‌ರೂಮಿನ ಟ್ರೇಲರ್ ಸಾಲು ನಿಂತಿದೆ, ಬಾಂಡ್ ಓಟು ಬಿದ್ದುಹೋಗಿದೆ ಅಂದ್ರೆ ಮಲ್ಟಿ ಟ್ರ್ಯಾಕ್ ಒಪ್ಕೊಳಿ, ಆದ್ರೆ ಎಷ್ಟು ವರ್ಷಕ್ಕೆ ಅಂತ ಬರೆಸ್ಕೊಳಿ, ದಿನ ಒಂದೂ ಕಮ್ಮಿ ಆಗ್ಬಾರ್ದು ಅಂತಾನೂ. ಮಕ್ಕಳ ಸಂಖ್ಯೆ ಇಳೀತಿರೋ ಕಡೆ, ಬೇ ಏರಿಯಾದ ಎಷ್ಟೋ ಡಿಸ್ಟ್ರಿಕ್ಟ್ ಈಗ ಹಾಗೇ ಇವೆ, ಅಲ್ಲಿ ಮಲ್ಟಿ ಟ್ರ್ಯಾಕ್ ಮಾತೇ ಬೇಡ, ಇರೋ ರೂಮೇ ಖಾಲಿ, ಉಳಿಸೋದು ಏನನ್ನ? ಅಲ್ಲಿ ಹಳೇ ಕ್ಯಾಲೆಂಡರ್ ಇಟ್ಕೊಂಡು ಆ 30 ದಿನದ ಕಾರ್ಯಕ್ರಮ ಚೆನ್ನಾಗಿ ನಡೆಸಿ ಅಂತ ಒತ್ತಾಯಿಸೋದು ಜಾಣತನ.

ಬಡ ಮಕ್ಕಳು ಜಾಸ್ತಿ ಇದ್ದು ಸ್ಟೇಟ್ ದಿನಕ್ಕೆ ದುಡ್ಡು ಕೊಡೋ ಕಡೆ, ಅಂದ್ರೆ ಟೆಕ್ಸಸ್, ನ್ಯೂ ಮೆಕ್ಸಿಕೋ ಥರ, ದಿನ ಸೇರಿಸೋದಕ್ಕೇ ನನ್ನ ಓಟು, 30 ದಿನ ಅಂತ ಹಾರಬೇಡಿ, 10-15ರಿಂದ ಶುರು ಮಾಡಿ, ಟೀಚರ್‌ಗಳನ್ನ ಮೊದಲು ಕೇಳಿ. ವರ್ಜೀನಿಯಾದಲ್ಲಿ ಒಂದೆರಡು ಸ್ಕೂಲ್‌ಗೆ ಗ್ರಾಂಟ್ ತಗೊಂಡು ಬ್ಯಾಲೆನ್ಸ್ಡ್ ನೋಡೋದ್ರಲ್ಲಿ ತಪ್ಪಿಲ್ಲ, ಅಕ್ಕ, ಗ್ರಾಂಟ್ ಮುಗಿದ ವರ್ಷದ ಬಜೆಟ್ ಸಾಲು ಈಗಲೇ ತೋರಿಸಿ ಅಂತ ಕೇಳಿದ್ಮೇಲೆ.

ಮನೇಲಿ ಇಬ್ಬರೂ ಕೆಲಸಕ್ಕೆ ಹೋಗೋರು, ಹತ್ರ ಯಾರೂ ನೆಂಟರಿಲ್ಲ, ಕ್ಯಾಂಪ್ ಬಜೆಟ್ ಬಿಗಿ ಅನ್ನೋರು ಇಂಟರ್‌ಸೆಷನ್‌ನಲ್ಲಿ ಮಗುಗೆ ಉಚಿತ ಜಾಗ ಗ್ಯಾರಂಟಿನಾ ಅಂತ ಒಂದೇ ಪ್ರಶ್ನೆ ಕೇಳಿ. ಇಲ್ಲ ಅಂದ್ರೆ ಬ್ಯಾಲೆನ್ಸ್ಡ್ ನಿಮಗೆ ದುಬಾರಿ. ಅಮ್ಮ ಅಪ್ಪ ಊರಿಂದ ಬಂದು ಹೋಗಿ ಮಾಡೋರಿಗೆ, ಮನೆಯಿಂದಾನೇ ಕೆಲಸ ಮಾಡೋರಿಗೆ ಅದೇ ಸ್ವರ್ಗ.

ಭಾವಮೈದನ ಸರ್ವೇ ಕೊನೇ ದಿನ ಬರೋ ಶುಕ್ರವಾರ. ಅವನಿಗೆ ನಿನ್ನೆ ಫೋನಲ್ಲಿ ಹೇಳಿದ್ದು, ಟಿಕ್ ಹಾಕೋಕೆ ಮುಂಚೆ ಕಾಮೆಂಟ್ ಬಾಕ್ಸಲ್ಲಿ ಎರಡು ಸಾಲು ಬರಿ ಅಂತ: 60 ಶೇಕಡಾ ಮಕ್ಕಳು ಮಾತ್ರ ಬಂದ್ರೆ ಈ 30 ದಿನದ ಖರ್ಚು ಯಾವ ಬಾಬ್ತಿನಿಂದ, ಮತ್ತೆ ಅರ್ಧ ದಿನದ ಆ ಎರಡು ತಾಸಿನ ಪಾಠ ಮುಗಿದ್ಮೇಲೆ ಬಸ್ ಎಷ್ಟೊತ್ತಿಗೆ.